ಜೂನ್ ಒಂದನೆಯ ತಾರೀಖು

ಕೋಥರೂಡ, ಪುಣೆ
ಬುಧವಾರ, ೧೪ ನವೆಂಬರ್ ೨೦೦೭

ಚಿ. ವರದಾಳಿಗೆ ಅವ್ವನ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮವೆಂದು ಬರೆದು ಮುಂದಿನ ಸಾಲಿಗೆ ಹೋಗುವುದು ರೂಢಿ. ಇಂದು ಆ ವಾಕ್ಯವನ್ನು ಬರೆಯಲಾರೆ. ಭಾನುವಾರ ಸಂಜೆ ನಿನ್ನ ಫೋನು ಬಂದಂದಿನಿಂದ ಹಳೆಯ ಪುಸ್ತಕಗಳನ್ನು ತೆಗೆದು ನೋಡುತ್ತ ಕೂತಿದ್ದೇನೆ. ಒಂದೇ ಊರಿನಲ್ಲಿದ್ದು, ರಿಕ್ಷಾ ಹತ್ತಿದರೆ ಒಂದು ತಾಸಿನೊಳಗೆ ನಿನ್ನ ಕ್ವಾರ್ಟರ್ಸ್ ತಲುಪಬಹುದಾದವಳು ಪತ್ರವನ್ನೇಕೆ ಬರೆಯುತ್ತಿದ್ದಾಳೆಂದು ನಿನಗೆ ಅನ್ನಿಸೀತು. ಈ ಮೂರು ದಿನಗಳಲ್ಲಿ ಎರಡು ಸಲ ನಾನೇ ನಿನಗೆ ಫೋನು ಮಾಡಿದೆ. ನಿನ್ನ ದನಿ ಕೇಳಿದೊಡನೆ ಧೈರ್ಯ ಸಾಲದೆ, ಒಮ್ಮೆ ದೀಪಾವಳಿಯ ಚಕ್ಕುಲಿ ಮೆತ್ತಗಾದವೇ ಎಂದು ಕೇಳಿದೆ, ಇನ್ನೊಮ್ಮೆ ಸಮವಸ್ತ್ರಕ್ಕೆ ಇಸ್ತ್ರಿ ಯಾರು ಮಾಡುತ್ತಾರೆಂದು ಕೇಳಿ ಇಟ್ಟುಬಿಟ್ಟೆ. ಬರವಣಿಗೆಯಲ್ಲಿ ಅಷ್ಟು ಸುಲಭವಾಗಿ ಜಾರಿಕೊಳ್ಳಲು ನನಗೆ ಬರುವುದಿಲ್ಲ.

ನೀನು ಹೇಳಿದ್ದನ್ನು ನಾನು ಸರಿಯಾಗಿ ಗ್ರಹಿಸಿದ್ದೇನೆಯೇ ಎಂದು ಮೊದಲು ಬರೆದು ತೋರಿಸುತ್ತೇನೆ. ತಪ್ಪಿದ್ದರೆ ತಿದ್ದು.

ಭಾನುವಾರದ ದುಬೈ ವಿಮಾನಕ್ಕಾಗಿ ನಿನ್ನ ಇಮಿಗ್ರೇಶನ್ ಕೌಂಟರಿಗೆ ಮಗರಪಟ್ಟಾದ ಗೋದಾಬಾಯಿ ಎಂಬ ಎಂಬತ್ತು ದಾಟಿದ ವೃದ್ಧೆ ಗಾಲಿಕುರ್ಚಿಯಲ್ಲಿ ಬಂದಿದ್ದರು. ಜೊತೆಗೆ ದುಬೈಯಲ್ಲಿ ನೌಕರಿ ಮಾಡುವ ಅವರ ಮಗ ಕಿಶೋರ. ಅವರ ಹಿಂದೆ, ನಾಲ್ಕು ವರ್ಷಗಳಿಂದ ಆ ವೃದ್ಧೆಗೆ ಸ್ನಾನ ಮಾಡಿಸಿ ಕೈತುತ್ತು ಹಾಕುತ್ತಿರುವ ಭಾಗ್ಯಾ. ಅವಳ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ ೨೨ ಆಗಸ್ಟ್ ೧೯೭೭. ಎಂದರೆ ಮೂವತ್ತು ತುಂಬಿ ಮೂರು ತಿಂಗಳಾಗುತ್ತ ಬಂತು. ಹತ್ತನೆಯ ಇಯತ್ತೆ ಪಾಸಾಗದ ಹೆಂಗಸು ಕೊಲ್ಲಿ ದೇಶಕ್ಕೆ ಮನೆಗೆಲಸಕ್ಕೆ ಹೋಗಬೇಕಾದರೆ ಮೂವತ್ತು ತುಂಬಿರಬೇಕೆಂಬುದು ನಿಯಮ. ಪರವಾನಗಿಯೂ ಇತ್ತು, ವೀಸಾ ಕೂಡ ಇತ್ತು. ನೀನು ಇನ್ನೇನು ಪಾಸ್‌ಪೋರ್ಟಿನ ಮೇಲೆ ಠಸ್ಸೆ ಒತ್ತುವವಳು. ಅಷ್ಟರಲ್ಲಿ ಅವಳು ತಾನಾಗಿಯೇ ಇನ್ನೊಂದು ಕಾಗದವನ್ನು ನಿನ್ನ ಮುಂದಿಟ್ಟಳು. ನಾನು ಕಲಿಸುತ್ತಿದ್ದ ನಮ್ಮ ಕನ್ನಡ ಶಾಲೆಯಿಂದ ಕೊಟ್ಟ, ಶಾಲೆ ಬಿಟ್ಟ ದಾಖಲೆ ಅದು. ಅದರಲ್ಲಿ ೧ ಜೂನ್ ೧೯೮೦. ಆ ಲೆಕ್ಕದಲ್ಲಿ ಅವಳಿಗೆ ಇಪ್ಪತ್ತೇಳು. ಅಷ್ಟು ಹಳೆಯ ಕಾಗದ ಅವಳ ಚೀಲದಲ್ಲಿ ಅಂದು ಹೇಗೆ ಬಂದಿತ್ತೋ ತಿಳಿಯದು.

ನೀನು ಪಾಸ್‌ಪೋರ್ಟನ್ನು ತೆಗೆದಿಟ್ಟುಕೊಂಡೆ. ವೃದ್ಧೆ ಮತ್ತು ಮಗ ಹೋದರು, ಭಾಗ್ಯಾ ಉಳಿದಳು. "ಆಫ್‌ಲೋಡ್ ಮಾಡಿದ್ವಿ ಅವ್ವಾ" ಎಂದೆ. ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲಗಳಿಗೆ ಬಳಸುವ ಶಬ್ದವನ್ನು ಮನುಷ್ಯರಿಗೆ ಬಳಸಬಾರದು. ಇದು ಬೇರೆ ಮಾತು. ಆದರೂ ಹೇಳದೆ ಬಿಡಲಾರೆ.

ಆಮೇಲೆ ನೀನು ಅಂದದ್ದನ್ನು ಅಕ್ಷರಶಃ ಬರೆಯುತ್ತೇನೆ, ಏಕೆಂದರೆ ಅದೇ ನನ್ನನ್ನು ಈ ಮೇಜಿನ ಮುಂದೆ ಕೂರಿಸಿದೆ. "ದಾಖಲೇದ ಮ್ಯಾಲೆ ನಿನ್ನ ಅಕ್ಷರ ಇತ್ತು ಅವ್ವಾ. ಪಾಸ್‌ಪೋರ್ಟು ಸುಳ್ಳು ಹೇಳಬಹುದು, ನಿನ್ನ ಅಕ್ಷರ ಹೇಳೂದಿಲ್ಲ. ಮುಂದ ವಿಚಾರ ಮಾಡೂದೇ ಬೀಳಲಿಲ್ಲ ನನಗ." ಎಷ್ಟು ಅಭಿಮಾನವಿತ್ತು ನಿನ್ನ ದನಿಯಲ್ಲಿ! ನಾನು "ಹೂಂ" ಎಂದೆ. ಆ "ಹೂಂ" ಈ ಪತ್ರದ ಮೂಲ.

ನಿನ್ನ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ನೀನು ಆ ಕೌಂಟರಿಗೆ ನೇಮಕವಾದ ದಿನ ನಾನು ಒಂದೇ ಮಾತು ಹೇಳಿದ್ದೆ: ಯಾರೇ ಬರಲಿ, ಮೊದಲು ನೀರು ಕೊಡು, ಆಮೇಲೆ ಪ್ರಶ್ನೆ ಕೇಳು. ನಮ್ಮ ಮನೆಯ ಪದ್ಧತಿ ಅದು. ಧಾರವಾಡದಲ್ಲಿ ನನ್ನ ತಂದೆಯವರ ಕಾಲದಿಂದ ನಡೆದುಬಂದದ್ದು. ಸಮವಸ್ತ್ರ ತೊಟ್ಟು ನೀನು ಅದನ್ನು ಮರೆತೆ, ಬಡವಳೆಂದು ಅವಳನ್ನು ಹೀಯಾಳಿಸಿದೆ ಎಂದುಕೊಂಡು, ನಿನಗೆ ಚೆನ್ನಾಗಿ ಬುದ್ಧಿ ಹೇಳಲು ಕಾದಿದ್ದೆ. ಸೋಮವಾರ ಬೆಳಿಗ್ಗೆ ಭಾಗ್ಯಾ ತನ್ನ ತಾಯಿ ತಿಪ್ಪವ್ವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ನಾನು ಅದನ್ನೇ ಕೇಳಿದೆ: ವರದಾ ಹೇಗೆ ನಡೆದುಕೊಂಡಳು?

"ಬೈದಿದ್ರ ಚಲೋ ಇತ್ರಿ ಅಕ್ಕೋರ" ಎಂದಳು. "ಬೈದಿದ್ರ ನಾನೂ ನಾಕ್ ಮಾತ್ ಅಂದು ಹೊಟ್ಟಿ ಹಗರ ಮಾಡ್ಕೋತಿದ್ದೆ. ಅವ್ರು ನೀರ್ ಕೊಟ್ರು, ಕುರ್ಚಿ ಕೊಟ್ರು, ತಮ್ಮ ಡಬ್ಬ್ಯಾಗಿನ ಚಪಾತಿ ಕೊಟ್ರು. ಠಸ್ಸೆ ಒಂದು ಬಿಟ್ಟು ಎಲ್ಲಾ ಕೊಟ್ರು."

ಹೇಳಿ ತಾನೇ ನಕ್ಕಳು. ತಿಪ್ಪವ್ವ ನಗಲಿಲ್ಲ.

ಗೋದಾಬಾಯಿ ಹೋಗುವಾಗ ಗಾಲಿಕುರ್ಚಿಯಿಂದ ತಿರುಗಿ ತಿರುಗಿ ನೋಡಿ, ಇವಳು ಹಿಂದೆಯೇ ಬರುತ್ತಾಳೆಂದು ತಿಳಿದು ಕೈ ಬೀಸಿದರಂತೆ. ದುಬೈಯಲ್ಲಿ ಇಳಿದಾಗಿನಿಂದ ಬಾಯಿ ಬಿಗಿಹಿಡಿದು ಕೂತಿದ್ದಾರಂತೆ. ಯಾರು ತುತ್ತು ಕೊಟ್ಟರೂ ಮುಖ ತಿರುಗಿಸುತ್ತಾರಂತೆ. ವೀಸಾದ ಅವಧಿ ಇದೇ ತಿಂಗಳ ಮೂವತ್ತಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಭಾಗ್ಯಾ ಅಲ್ಲಿ ಇಳಿಯದಿದ್ದರೆ ಕಿಶೋರ ಅಲ್ಲಿಯೇ ಬೇರೊಬ್ಬರನ್ನು ನೋಡಿಕೊಳ್ಳುವುದಾಗಿ ತಿಳಿಸಿದ್ದಾನೆ. ಅವನನ್ನೂ ದೂರಲಾಗದು. ನಿನ್ನ ಕಛೇರಿಯವರು ಬರುವ ಸೋಮವಾರ ಅವಳ ಹೇಳಿಕೆ ತೆಗೆದುಕೊಳ್ಳುತ್ತಾರೆ. ಪಾಸ್‌ಪೋರ್ಟು ಸುಳ್ಳು ಎಂದು ತೀರ್ಮಾನವಾದರೆ ಕೇಸು. ಕೆಲಸ ಹೋಗುವುದು ಒಂದು ಕಡೆ, ಈ ಹೆಂಗಸು ಜೈಲಿನ ಮೆಟ್ಟಿಲು ಹತ್ತುವುದು ಇನ್ನೊಂದು ಕಡೆ. ಎರಡನ್ನೂ ತಡೆಯಲು ಸೋಮವಾರದವರೆಗಿನ ಐದು ದಿನಗಳಿವೆ.

ನಿನ್ನ ಕಠಿಣತೆಯನ್ನು ನಾನು ತಪ್ಪೆನ್ನುವುದಿಲ್ಲ. ಮಾರ್ಚ್ ತಿಂಗಳಲ್ಲಿ ನೀನು ತಡೆದ ಆ ಹುಡುಗಿಯನ್ನು ನೆನೆಸಿಕೊಂಡಿದ್ದೇನೆ. ಪಾಸ್‌ಪೋರ್ಟಿನಲ್ಲಿ ಮೂವತ್ತೊಂದು, ನಿಜಕ್ಕೂ ಹತ್ತೊಂಬತ್ತು, ದಲಾಲ ಹೊರಗೆ ಕಾರಿನಲ್ಲಿ ಕಾಯುತ್ತಿದ್ದ. ನೀನು ಅಂದು ನಗುತ್ತ ಬಿಟ್ಟುಕೊಟ್ಟಿದ್ದರೆ ಅವಳೆಲ್ಲಿರುತ್ತಿದ್ದಳೋ. "ಗುರ್ತಿನವಳು ಅಂತ ಬಿಟ್ರ, ಗುರ್ತಿಲ್ಲದವರಿಗೆ ಯಾವ ಮಾರಿ ತೋರಸ್ಲಿ?" ಎಂದು ಭಾನುವಾರ ಕೇಳಿದೆಯಲ್ಲ. ನೀನು ಕೇಳಿದ್ದು ಸರಿ. ಆದರೆ ನೀನು ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಸುಳ್ಳನ್ನು ನಂಬಿ ನಿಜವನ್ನು ತೆಗೆದಿಟ್ಟೆ.

ಪಾಸ್‌ಪೋರ್ಟಿನ ತಾರೀಖು ನಿಜ. ದಾಖಲೆಯ ತಾರೀಖನ್ನು ನಾನು ಹುಟ್ಟಿಸಿದ್ದು.

ಮೂರು ಸಲ ಹರಿದು ಹಾಕಿದ ಮೇಲೆ ಈ ವಾಕ್ಯ ಕಾಗದದ ಮೇಲೆ ನಿಂತಿದೆ. ಈಗ ಉಳಿದದ್ದನ್ನು ಬರೆಯಬಲ್ಲೆ.

೧೯೮೬ರ ಜೂನ್ ನಿನಗೂ ಸ್ವಲ್ಪ ನೆನಪಿರಬೇಕು, ನೀನು ಅದೇ ವರ್ಷ ಒಂದನೆಯ ಇಯತ್ತೆಗೆ ಬಂದೆ. ಶಾಲೆಯ ಹಿಂದೆ ದೊಡ್ಡ ಕಟ್ಟಡ ಏಳುತ್ತಿತ್ತು; ಯಾದಗಿರಿ ಕಡೆಯಿಂದ ಬಂದವರ ಗುಡಿಸಲುಗಳು ಗೋಡೆಗುಂಟ ಸಾಲಾಗಿದ್ದವು. ನಾನೇ ಹೋಗಿ ಮಕ್ಕಳನ್ನು ಕರೆತಂದೆ. ಅವರಲ್ಲಿ ಯಾರ ಬಳಿಯೂ ಜನನದ ಕಾಗದ ಇರಲಿಲ್ಲ. ಮನೆ ಬಾಗಿಲಿಗೆ ಬಂದವರಿಗೆ ಕಾಗದ ಕೇಳಿ ಅವಮಾನಿಸುವುದು ನನಗೆ ಸೇರದು. ತಾಯಂದಿರು ಬಾಯಿಂದ ಹೇಳಿದ್ದನ್ನು ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡೆ. ಶಾಲೆಯ ರಿಜಿಸ್ಟರಿನಲ್ಲಿ ಮಾತ್ರ ಎಲ್ಲರಿಗೂ ಜೂನ್ ಒಂದು ಎಂದು ಬರೆದೆ. ಶಾಲೆ ತೆರೆಯುವ ತಿಂಗಳು ಅದು, ಲೆಕ್ಕಕ್ಕೆ ಸುಲಭ. ನನ್ನ ಮೊದಲಿನವರೂ ಹಾಗೆಯೇ ಮಾಡುತ್ತಿದ್ದರು, ನಂತರದವರೂ ಮಾಡಿದರು. ಇದನ್ನು ತಪ್ಪೆಂದು ಭಾವಿಸಿದ ಶಿಕ್ಷಕರನ್ನು ನಾನು ಕಾಣೆ.

ತಿಪ್ಪವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದ್ದು ಇದು: "ಇಂದ್ರಮ್ಮ ಸೋತ ವರ್ಸ ಹುಟ್ಯಾಳ್ರಿ. ಆ ವರ್ಸ ಎಲ್ಡ್ ಶ್ರಾವಣ ಬಂದಿದ್ವು, ಎಲ್ಡನೇದರಾಗ." ನೀಲಿ ಪುಸ್ತಕದಲ್ಲಿ ಹಾಗೆಯೇ ಇದೆ. ನಿನ್ನೆ ಹಳೆಯ ಪಂಚಾಂಗ ತೆಗೆದು ನೋಡಿದೆ. ೧೯೭೭ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಆಗಸ್ಟ್ ಇಪ್ಪತ್ತೆರಡು ಎರಡನೆಯ ಶ್ರಾವಣದಲ್ಲಿಯೇ ಬರುತ್ತದೆ. ಅಕ್ಷರ ಬಾರದ ಹೆಂಗಸಿನ ಮಾತು ದಿನಕ್ಕೆ ದಿನ ಸರಿಯಾಗಿತ್ತು. ಅಕ್ಷರ ಕಲಿಸುವವಳು ಅದನ್ನು ಕೆಡಿಸಿದಳು.

ಒಂಬತ್ತರ ಹತ್ತಿರ ಬಂದ ಹುಡುಗಿಯನ್ನು ಒಂದನೆಯ ಇಯತ್ತೆಗೆ ತೆಗೆದುಕೊಳ್ಳಲು ಮುಖ್ಯಾಧ್ಯಾಪಕ ಪಂಢರಿನಾಥರು ಒಪ್ಪುತ್ತಿರಲಿಲ್ಲ. ಅದಕ್ಕಾಗಿ ಅವಳನ್ನು ಆರು ವರ್ಷದವಳನ್ನಾಗಿ ಮಾಡಿದೆ. ದಯೆಯಿಂದ ಮಾಡಿದೆ ಎಂದು ಇಪ್ಪತ್ತೊಂದು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಆ ವರ್ಷ ನಲವತ್ತು ಮಕ್ಕಳಾಗದಿದ್ದರೆ ಕನ್ನಡ ತರಗತಿಯನ್ನು ಮುಚ್ಚುತ್ತೇವೆಂದು ನೋಟೀಸು ಬಂದಿತ್ತು. ಮುಚ್ಚಿದ್ದರೆ ನನ್ನನ್ನು ಎಲ್ಲಿಗೆ ಎಸೆಯುತ್ತಿದ್ದರೋ. ಭಾಗ್ಯಾ ನಲವತ್ತನೆಯವಳು.

ನನ್ನದೂ ಒಂದು ಕೌಂಟರೇ ಆಗಿತ್ತು, ವರದಾ. ಒಳಗೆ ಬರುವವರನ್ನು ನೋಡಿ, ಹೆಸರು ಬರೆದು, ತಾರೀಖು ಹಾಕಿ ಬಿಡುವ ಅಧಿಕಾರ ನನಗಿತ್ತು. ನೀನು ಮರ್ಯಾದೆಯಿಂದ ನಡೆದುಕೊಂಡು, ಕಾಗದವನ್ನೂ ನೋಡಿದೆ. ನಾನು ಮರ್ಯಾದೆಯೊಂದೇ ಸಾಕೆಂದು ಕಾಗದವನ್ನು ನನ್ನಿಷ್ಟದಂತೆ ತುಂಬಿದೆ.

ಮೇಲೆ, ಆ ದಾಖಲೆ ಅವಳ ಚೀಲದಲ್ಲಿ ಹೇಗೆ ಬಂದಿತ್ತೋ ತಿಳಿಯದೆಂದು ಬರೆದಿದ್ದೇನೆ. ಅದು ಸರಿಯಲ್ಲ. ಹೊಡೆದುಹಾಕದೆ ಹಾಗೆಯೇ ಬಿಟ್ಟಿದ್ದೇನೆ, ನೀನು ನೋಡಲೆಂದು. ನರಕ ಚತುರ್ದಶಿಯ ಹಿಂದಿನ ದಿನ ಅವಳು ಕಾಲಿಗೆ ನಮಸ್ಕರಿಸಲು ಬಂದಿದ್ದಳು. ವಿಮಾನ ನಿಲ್ದಾಣವೆಂದರೆ ಭಯ, ಯಾರಾದರೂ ಗದರಿಸಿದರೆ ಬಾಯಿ ಕಟ್ಟುತ್ತದೆ ಎಂದಳು. ನಾನೇ ಹೇಳಿದೆ, ಶಾಲೆಯ ದಾಖಲೆ ಜೊತೆಗಿಟ್ಟುಕೋ, ಅಲ್ಲಿ ನನ್ನ ವರದಾ ಇರುತ್ತಾಳೆ, ನನ್ನ ಅಕ್ಷರ ಕಂಡರೆ ನಿನಗೆ ಯಾರೂ ಏಕವಚನ ಪ್ರಯೋಗಿಸುವುದಿಲ್ಲ ಎಂದು. ಆ ಕಾಗದದಲ್ಲಿ ಯಾವ ತಾರೀಖಿದೆಯೆಂಬ ಯೋಚನೆ ಆಗ ನನಗೆ ಬರಲೇ ಇಲ್ಲ. ನನ್ನ ಕಣ್ಣಿಗೆ ನನ್ನ ದುಂಡಗಿನ ಅಕ್ಷರ ಮಾತ್ರ ಕಂಡಿತು. ಅವಳು ಗುರುವಿನ ಮಾತು ನಡೆಸಿದಳು. ಯಾರೂ ಕೇಳದ ಕಾಗದವನ್ನು ಬೇರೆ ಯಾವ ಪ್ರಯಾಣಿಕನೂ ತಾನಾಗಿ ತೆಗೆದು ಕೊಡುವುದಿಲ್ಲ.

ಸೋಮವಾರ ತಿಪ್ಪವ್ವ ಹೊರಡುವಾಗ ಹೊಸ್ತಿಲಲ್ಲಿ ನಿಂತು, "ನಾ ಏನ್ ಸುಳ್ಳ್ ಹೇಳಿದ್ನೇನ್ರಿ ಅಕ್ಕೋರ? ನಿಮ್ಮ ಮುಂದೇ ಹೇಳಿದ್ನಿಲ್ಲ?" ಎಂದಳು. "ನೋಡೋಣ ತಿಪ್ಪವ್ವ" ಎಂದೆ. "ನೋಡೂದು ಏನದ ಇದರಾಗ" ಎಂದು ಸೆರಗು ಹೊದ್ದು ಇಳಿದುಹೋದಳು. ಮೂವತ್ತೈದು ವರ್ಷದ ನೌಕರಿಯಲ್ಲಿ ಯಾವ ಪಾಲಕರೂ ನನಗೆ ಬೆನ್ನು ತಿರುಗಿಸಿ ಹೋಗಿರಲಿಲ್ಲ.

ಇನ್ನೊಂದು ಭಯವಿದೆ. ದೌಂಡದ ರೈಲ್ವೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಹೆಸರು ಬರೆಯುವುದಿಲ್ಲ, ನೀನು ಮಗಳು, ಆದರೆ ಅಧಿಕಾರಿಯೂ ಹೌದು. ಮಂಗಳವಾರ ಅವನಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಮೊದಲು ಜೋರಾಗಿ ನಕ್ಕ. "ನಮ್ಮ ಗ್ಯಾಂಗಿನ್ಯಾಗ ಹನ್ನೊಂದು ಮಂದಿ ಅದೀವ್ರಿ ಅಕ್ಕೋರ, ಒಂಬತ್ತು ಮಂದೀದು ಒಂದನೇ ಜೂನ್. ಕೇಕ್ ಒಂದಽ ಸಾಕಾಗತೈತಿ." ನಾನು ಸಹಿ ಮಾಡಿ ಬರೆದುಕೊಡುವವಳಿದ್ದೇನೆ ಎಂದಾಗ ಅವನ ನಗು ನಿಂತಿತು. "ನನ್ನ ಮಕ್ಕಳು ಇನ್ನೂ ಸಣ್ಣಾವ್ರಿ" ಎಂದಷ್ಟೇ ಹೇಳಿದ. ನನ್ನ ಅಕ್ಷರವನ್ನು ನಂಬಿ ನೌಕರಿ, ಮದುವೆ, ಪಿಂಚಣಿಗಳನ್ನು ಕಟ್ಟಿಕೊಂಡವರು ಎಷ್ಟು ಮಂದಿಯೋ. ಒಂದು ಎಳೆ ಎಳೆದರೆ ಎಷ್ಟು ಬಿಚ್ಚಿಕೊಳ್ಳುತ್ತದೆಂದು ನಿನ್ನೆ ರಾತ್ರಿ ಎಣಿಸುತ್ತ ಕೂತಿದ್ದೆ. ಆದರೆ ಅವರೆಲ್ಲರ ಹೆಸರಿನಲ್ಲಿ ನಾನು ಸುಮ್ಮನಿದ್ದರೆ, ಅದಕ್ಕೆ ಬೆಲೆ ತೆರುವವಳು ಭಾಗ್ಯಾ ಒಬ್ಬಳೇ.

ಆದ್ದರಿಂದ ಇಂದು ಬೆಳಿಗ್ಗೆ ಶಿವಾಜಿನಗರದ ಕೋರ್ಟಿಗೆ ಹೋಗಿ, ಭಾಗ್ಯಾಳ ವಿಷಯಕ್ಕೆ ಮಾತ್ರ ಸೀಮಿತವಾಗಿ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿದ್ದೇನೆ. ಆ ವಕೀಲ ನನ್ನ ವಾಕ್ಯಗಳನ್ನು ಸಡಿಲಗೊಳಿಸಲು ನೋಡಿದ. "ನಜರಚೂಕಿನಿಂದ", ಎಂದರೆ ಕಣ್ತಪ್ಪಿನಿಂದ, ಆಯಿತೆಂದು ಹಾಕೋಣ ಎಂದ. ಬೇಡವೆಂದೆ. ನಾನು ತಿಳಿದೂ ಬರೆದೆ. ತಿಳಿದೂ ಎಂಬ ಶಬ್ದವೇ ಇರಲಿ ಎಂದೆ. ಜೊತೆಗೆ ಪಂಚಾಂಗದ ಪುಟ ಮತ್ತು ನೀಲಿ ಪುಸ್ತಕದ ಆ ಪುಟ, ಎರಡರ ಝೆರಾಕ್ಸ್ ಪ್ರತಿಗಳಿವೆ.

ಇವನ್ನು ನೀನು ಇಟ್ಟುಕೊಳ್ಳಬೇಡ. ಪತ್ರವನ್ನೂ ಸೇರಿಸಿ ನಿನ್ನ ಮೇಲಧಿಕಾರಿ ಭುಜಂಗರಾಯರಿಗೆ ಕೊಡು. ಬರೆದವಳು ನನ್ನ ತಾಯಿ, ಆದ್ದರಿಂದ ಈ ಕೇಸನ್ನು ಬೇರೆಯವರು ನೋಡಲಿ ಎಂದು ಹೇಳು. ಅವಳನ್ನು ಸುಮ್ಮನೆ ಬಿಡಿ ಎಂದು ನಾನು ಕೇಳುತ್ತಿಲ್ಲ. ಅವಳ ಊರಿನ ಜನನ ರಿಜಿಸ್ಟರನ್ನು ತರಿಸಿ ನೋಡಲಿ, ನನ್ನನ್ನು ಕರೆದು ಕೇಳಲಿ, ಎಷ್ಟು ಬೇಕೋ ಅಷ್ಟು ಕೇಳಲಿ. ಸೋಮವಾರದೊಳಗೆ ಕೇಳಲಿ ಎಂದಷ್ಟೇ ನನ್ನ ವಿನಂತಿ. ನಿನ್ನ ಹೆಸರಿಗೆ ಇದರಿಂದ ಕಪ್ಪು ಬಂದರೆ, ಅದನ್ನು ಒರೆಸುವ ಶಕ್ತಿ ನನಗಿಲ್ಲ. ಕ್ಷಮಿಸೆಂದು ಕೇಳುವ ಅಭ್ಯಾಸವೂ ನನಗಿಲ್ಲ, ಕಲಿಯುತ್ತಿದ್ದೇನೆ.

ಯಾವ ಕಾಗದವೂ ಬೇಡದ ಒಂದು ಸಾಕ್ಷಿ ನಿನ್ನೊಳಗೇ ಇದೆ. ಆ ಮಳೆಗಾಲದಲ್ಲಿ ಶಾಲೆಯ ಮುಂದಿನ ನಾಲೆ ತುಂಬಿದಾಗ, ನಿನ್ನನ್ನು ಬೆನ್ನ ಮೇಲೆ ಹೊತ್ತು ದಾಟಿಸುತ್ತಿದ್ದವಳು ಯಾರು? ನಿಮ್ಮ ಇಯತ್ತೆಯ ಎಲ್ಲರಿಗಿಂತ ಒಂದು ಗೇಣು ಎತ್ತರವಿದ್ದ ಹುಡುಗಿ. ಆರು ವರ್ಷದ ಮಗು ಇನ್ನೊಂದು ಆರು ವರ್ಷದ ಮಗುವನ್ನು ಹೊತ್ತು ನಾಲೆ ದಾಟಲಾರದು. ಭಾನುವಾರ ನೀನು ಅವಳಿಗೆ ನಿನ್ನ ಡಬ್ಬಿಯ ಚಪಾತಿ ಕೊಟ್ಟೆಯೆಂದು ಕೇಳಿದಾಗ, ಅದು ನಿನಗೆ ನೆನಪಿದೆ ಎಂದುಕೊಂಡೆ.

ಪೋಸ್ಟಿನಲ್ಲಿ ತಡವಾದೀತೆಂದು, ನಾಳೆ ಬೆಳಿಗ್ಗೆ ಕಛೇರಿಯ ವೇಳೆಗೆ ನಾನೇ ಬಂದು ಇದನ್ನು ನಿಮ್ಮ ಗೇಟಿನಲ್ಲಿ ಕೊಟ್ಟು, ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ನೀರು ಕೊಡಲು ನೀನು ಬರಬೇಡ. ಕರೆದಾಗ ಒಳಗೆ ಬರುತ್ತೇನೆ.

ನಿನ್ನ ಅವ್ವ,
ಉಮಾವತಿ
(ನಿವೃತ್ತ ಶಿಕ್ಷಕಿ)

ತಾ.ಕ.: ನೀಲಿ ಪುಸ್ತಕದ ಆ ಪುಟದಲ್ಲಿ ನಲವತ್ತೂ ಹೆಸರುಗಳಿವೆ, ಪ್ರತಿಯೊಂದರ ಎದುರು ನಾನು ರಿಜಿಸ್ಟರಿಗೆ ಏರಿಸಿದ ತಾರೀಖೂ ಇದೆ. ಮೂವತ್ತೊಂಬತ್ತಕ್ಕೆ ಜೂನ್ ಒಂದು. ಏಳನೆಯ ಹೆಸರಿಗೆ ಮಾತ್ರ ೯ ಫೆಬ್ರುವರಿ ೧೯೮೦, ಅದು ನಿನ್ನದು. ನಿನ್ನ ಜನನ ದಾಖಲೆಗಾಗಿ ನಾನು ಆಗ ಮೂರು ಸಲ ರಜೆ ಹಾಕಿ ನಗರಪಾಲಿಕೆಯ ಕಿಟಕಿಯ ಮುಂದೆ ನಿಂತಿದ್ದೆ. ಭಾಗ್ಯಾಳ ಊರಿಗೆ ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು. ಪಾಸ್‌ಪೋರ್ಟಿಗಾಗಿ ಅವಳ ಸೋದರಮಾವ ಸಂಕಪ್ಪ ಹೋದಾಗ, ಅವಳ ದಾಖಲೆ ಒಂದೇ ದಿನದಲ್ಲಿ ಸಿಕ್ಕಿತಂತೆ. ಅಷ್ಟು ವರ್ಷ ಅಲ್ಲಿಯೇ ಇತ್ತು. ಪ್ರತಿಯಲ್ಲಿ ಉಳಿದ ಮೂವತ್ತೆಂಟು ಮಂದಿಯ ಹೆಸರುಗಳನ್ನು ಮುಚ್ಚಿದ್ದೇನೆ, ತಾರೀಖುಗಳನ್ನಲ್ಲ. ಝೆರಾಕ್ಸ್ ಮಾಡಿಸುವ ಮುನ್ನ ಆ ಏಳನೆಯ ಸಾಲಿನ ಮೇಲೂ ಬಿಳಿ ಕಾಗದದ ಪಟ್ಟಿಯಿಟ್ಟು ಮುಚ್ಚಿದ್ದೆ. ಅಂಗಡಿಯಲ್ಲಿ ಆ ಪಟ್ಟಿಯೊಂದನ್ನು ತೆಗೆದೆ.